ಹೊಸ ಭಾಗ ಕೂತಿತು, ಪರದೆ ಕಪ್ಪಾಯಿತು

ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ, ಮದರ್‌ಬೋರ್ಡಿನ ಮೇಲೆ ದೀಪ ಹೊತ್ತಿಕೊಳ್ಳುತ್ತದೆ, ಹೊಸ ಗ್ರಾಫಿಕ್ಸ್ ಕಾರ್ಡಿನ ಬಣ್ಣದ ಬೆಳಕೂ ಮಿನುಗುತ್ತದೆ. ಪರದೆಯಲ್ಲಿ ಮಾತ್ರ ‘ನೋ ಸಿಗ್ನಲ್’. ಅರ್ಧ ಗಂಟೆ ಮುಂಚೆ ಚೆನ್ನಾಗಿಯೇ ಓಡುತ್ತಿದ್ದ ಕಂಪ್ಯೂಟರು. ಬದಲಾಗಿದ್ದು ಒಂದೇ ಭಾಗ. ಮನೆಯವರ ತೀರ್ಪು ಅಷ್ಟರಲ್ಲೇ ಬಂದುಬಿಡುತ್ತದೆ: ‘ಸುಮ್ನೆ ಇದ್ದದ್ದನ್ನ ಬಿಚ್ಚಿ ಹಾಳು ಮಾಡ್ಕೊಂಡೆ.’ ಅಂಗಡಿಗೆ ಫೋನ್ ಮಾಡಿದರೆ ಅಲ್ಲಿಂದ ಇನ್ನೊಂದು: ‘ಬೋರ್ಡ್ ಹೋಗಿರ್ಬೇಕು ಸಾರ್, ತಂದ್ಬಿಡಿ.’ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಈ ಅವಸರಕ್ಕೆ ದಂಡ ತೆರುವುದು ನಮ್ಮ ಜೇಬು. ಅಪ್‌ಗ್ರೇಡ್ ಮಾಡಿದ ಮೇಲೆ ಏಳದ ಕಂಪ್ಯೂಟರಿನಲ್ಲಿ ಸತ್ತ ಭಾಗ ಇರುವುದು ಅಪರೂಪ. ಒಂದಕ್ಕೊಂದು ಹೊಂದದ ಭಾಗ, ಪೂರ್ತಿ ಕೂರದ ಭಾಗ, ಕರೆಂಟು ಸಾಲದ ಭಾಗ ಇವುಗಳಲ್ಲಿ ಯಾವುದಾದರೊಂದು ಇದ್ದೇ ಇರುತ್ತದೆ.

ಇದನ್ನು ಈಗಲೇ ಹೇಳಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರು, ಎಎಂಡಿ ಆದರೆ ಹೆಚ್ಚುಕಡಿಮೆ ರೈಜನ್ 2000 ಸರಣಿ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಎಂಟು ಹತ್ತು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಪಿಸಿ ಇಟ್ಟುಕೊಂಡವರು ಪೂರ್ತಿ ಹೊಸದು ಕೊಳ್ಳುವ ಬದಲು ಪ್ರೊಸೆಸರ್ ಬದಲಿಸಿ, ರ‍್ಯಾಮ್ ಏರಿಸಿ, ಎಸ್‌ಎಸ್‌ಡಿ ಹಾಕಿಕೊಂಡು ಇನ್ನಷ್ಟು ವರ್ಷ ನಡೆಸೋಣ ಎಂದು ಹೊರಡುತ್ತಿದ್ದಾರೆ. ಲೆಕ್ಕಾಚಾರ ಸರಿಯಾದದ್ದೇ. ಎಡವುವುದು ಭಾಗ ಕೂರಿಸಿ ಬಟನ್ ಒತ್ತಿದಾಗ.

ಆಗ ನೆನಪಿಡಬೇಕಾದ ಸಂಗತಿ ಒಂದೇ. ಕಂಪ್ಯೂಟರ್ ಎದ್ದೇಳುವುದು ಮೆಟ್ಟಿಲು ಮೆಟ್ಟಿಲಾಗಿ. ಯಾವ ಮೆಟ್ಟಿಲಲ್ಲಿ ನಿಂತಿತೋ ದೋಷ ಅಲ್ಲೇ ಸುತ್ತಮುತ್ತ ಇರುತ್ತದೆ. ಅದನ್ನು ಕಂಡುಹಿಡಿಯಲು ನಿಮ್ಮ ಬಳಿ ಇರುವ ಅತಿ ಒಳ್ಳೆಯ ಸಾಧನವೆಂದರೆ, ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಹಳೆಯ ಭಾಗ.

ಬಟನ್ ಒತ್ತಿದ ಮೇಲೆ

ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ, ಕಂಪ್ಯೂಟರ್ ಆಫ್ ಇದ್ದರೂ, ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಡಬ್ಬವಾದ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಸರಬರಾಜನ್ನು ಮದರ್‌ಬೋರ್ಡಿಗೆ ಕೊಡುತ್ತಿರುತ್ತದೆ. ಕ್ಯಾಬಿನೆಟ್ಟಿನ ಬಟನ್ ಒತ್ತಿದಾಗ ಬೋರ್ಡ್ 24 ಪಿನ್ನಿನ ದಪ್ಪ ಕನೆಕ್ಟರಿನಲ್ಲಿರುವ ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ‘ಏಳು’ ಎಂದು ಎಸ್‌ಎಂಪಿಎಸ್‌ಗೆ ಹೇಳುವ ಸಂಜ್ಞೆ ಅದು. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟಿನ ಸಾಲುಗಳನ್ನು ಎಬ್ಬಿಸಿ, ಅವು ಸ್ಥಿರವಾದ ಮೇಲೆ 100ರಿಂದ 500 ಮಿಲಿಸೆಕೆಂಡಿನೊಳಗೆ ಬೂದು ತಂತಿಯಲ್ಲಿ ‘ಪವರ್ ಗುಡ್’ ಎಂಬ ಉತ್ತರ ಕಳಿಸುತ್ತದೆ. (ಈಚಿನ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಯೂ ಕಪ್ಪೇ, ಪಿನ್ನಿನ ಜಾಗ ಮಾತ್ರ ಅದೇ.) ಆ ಉತ್ತರ ಬರುವ ತನಕ ಪ್ರೊಸೆಸರ್ ಒಂದು ಹೆಜ್ಜೆಯನ್ನೂ ಇಡುವುದಿಲ್ಲ.

ಉತ್ತರ ಬಂದ ಮೇಲೆ ಬೋರ್ಡಿನ ಮೇಲಿನ ಸಣ್ಣ ಫ್ಲ್ಯಾಶ್ ಚಿಪ್ಪಿನಲ್ಲಿರುವ ಬಯಾಸ್ ಓಡತೊಡಗುತ್ತದೆ. ಈಗಿನ ಬೋರ್ಡುಗಳಲ್ಲಿ ಇರುವುದು ಯುಇಎಫ್‌ಐ, ಆದರೆ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಆ ಹೊತ್ತಿಗೆ ಅದಕ್ಕೆ ರ‍್ಯಾಮ್ ಕೂಡ ಸಿಕ್ಕಿರುವುದಿಲ್ಲ. ರ‍್ಯಾಮ್ ಸಿದ್ಧವಾಗುವ ತನಕ ಸಾಮಾನ್ಯವಾಗಿ ಪ್ರೊಸೆಸರಿನೊಳಗೇ ಇರುವ ಪುಟ್ಟ ಕ್ಯಾಷ್ ಮೆಮೊರಿಯಲ್ಲಿ ಕೆಲಸ ಸಾಗುತ್ತದೆ. ಆಮೇಲೆ ಶುರುವಾಗುವುದು ಶಾಲೆಯ ಮೇಷ್ಟ್ರು ತೆಗೆದುಕೊಳ್ಳುವಂಥ ಹಾಜರಿ: ಮೊದಲು ಪ್ರೊಸೆಸರ್, ನಂತರ ರ‍್ಯಾಮ್, ನಂತರ ಗ್ರಾಫಿಕ್ಸ್, ಕೊನೆಗೆ ಡಿಸ್ಕ್. ಇದೇ ಪೋಸ್ಟ್, ಅಂದರೆ ಕರೆಂಟು ಬಂದ ಕೂಡಲೇ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಎಲ್ಲರೂ ‘ಹಾಜರ್’ ಎಂದ ಮೇಲಷ್ಟೇ ಡಿಸ್ಕಿನಲ್ಲಿರುವ ವಿಂಡೋಸ್‌ಗೆ ಅಧಿಕಾರ ಹಸ್ತಾಂತರ.

ಇಲ್ಲಿ ಗಮನಿಸಬೇಕಾದ ತೊಡಕು ಒಂದಿದೆ. ಗ್ರಾಫಿಕ್ಸ್ ಸಿದ್ಧವಾಗುವುದು ಮೂರನೆಯ ಸರದಿಯಲ್ಲಿ. ಅದಕ್ಕೂ ಮುಂಚೆ ಪ್ರೊಸೆಸರ್ ಅಥವಾ ರ‍್ಯಾಮ್ ಕೈಕೊಟ್ಟರೆ ಯಂತ್ರಕ್ಕೆ ಪರದೆಯ ಮೇಲೆ ಬರೆದು ಹೇಳುವ ದಾರಿಯೇ ಇರುವುದಿಲ್ಲ. ಕಪ್ಪು ಪರದೆ ಕಂಡ ಕೂಡಲೇ ಗ್ರಾಫಿಕ್ಸ್ ಕಾರ್ಡನ್ನೋ ಮಾನಿಟರನ್ನೋ ಬೈಯುವವರು ಮರೆಯುವುದು ಇದನ್ನೇ.

ಪರದೆ ಇಲ್ಲದಾಗ ಹೇಳುವ ದಾರಿಗಳು ಎರಡು: ಸದ್ದು ಮತ್ತು ದೀಪ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿ ಎಲ್ಲವೂ ಸರಿಯಿದ್ದರೆ ಒಂದು ಸಣ್ಣ ಬೀಪ್ ಮಾಡುತ್ತಿತ್ತು. ಮೆಮೊರಿಯಲ್ಲಿ ದೋಷವಿದ್ದರೆ 201, ಕೀಲಿಮಣೆಯಲ್ಲಿದ್ದರೆ 301 ಎಂದು ಪರದೆಯ ಮೇಲೆ ಸಂಖ್ಯೆ ತೋರಿಸುತ್ತಿತ್ತು. ಆ ಯಂತ್ರದಲ್ಲಿ ಮೆಮೊರಿ ಹೆಚ್ಚಿಸಿದವರು ಬೋರ್ಡಿನ ಮೇಲಿನ ಪುಟಾಣಿ ಡಿಪ್ ಸ್ವಿಚ್‌ಗಳನ್ನೂ ಕೈಯಾರೆ ಹೊಂದಿಸಬೇಕಿತ್ತು. ಇಲ್ಲದಿದ್ದರೆ ಎಷ್ಟು ಮೆಮೊರಿ ಇದೆಯೆಂಬುದು ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. 1984ರ ಐಬಿಎಂ ಎಟಿ ಬಂದ ಮೇಲೆ ಆ ವಿವರ ಬ್ಯಾಟರಿಯ ಆಸರೆಯಲ್ಲಿ ಉಳಿಯುವ ಸಿಮಾಸ್ ಮೆಮೊರಿಗೆ ಹೋಯಿತು. ಅದರ ಪಳೆಯುಳಿಕೆಯೇ ಇಂದಿಗೂ ಪ್ರತಿ ಬೋರ್ಡಿನ ಮೇಲಿರುವ ಗುಂಡಗಿನ ಬ್ಯಾಟರಿ ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್.

ಬೀಪಿನ ಭಾಷೆ ಕಂಪನಿಗೊಂದು. ಹಳೆಯ ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ತೊಂದರೆ; ಬೇರೆ ಬಯಾಸ್‌ಗಳಲ್ಲಿ ಲೆಕ್ಕ ಬೇರೆ. ಈಚಿನ ಬಹಳಷ್ಟು ಬೋರ್ಡುಗಳಲ್ಲಿ ಸ್ಪೀಕರ್ ಇರುವುದೇ ಇಲ್ಲ. ಬದಲಿಗೆ ಬೋರ್ಡಿನ ಅಂಚಿನಲ್ಲಿ ಸಾಲಾಗಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಂತ್ರ ಏಳುವಾಗ ಒಂದಾದ ಮೇಲೊಂದು ಹೊತ್ತಿ ಆರುತ್ತವೆ. ಯಾವುದು ಆರದೆ ಉಳಿಯಿತೋ ಅದೇ ನಿಮ್ಮ ವಿಳಾಸ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಟಾರ್ಚ್ ಹಿಡಿದು ಅರ್ಧ ನಿಮಿಷ ಆ ದೀಪಗಳನ್ನು ನೋಡಿದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಏನೂ ಆಗುತ್ತಿಲ್ಲವೆ?

ಬಟನ್ ಒತ್ತಿದರೂ ಫ್ಯಾನು ಅಲುಗದಿದ್ದರೆ ಹುಡುಕಾಟ ಸಣ್ಣದು. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಆನ್ ಆಗಿದೆಯೆ? ಕೆಲಸದ ಭರದಲ್ಲಿ ಆಫ್ ಮಾಡಿ ಮರೆತವರಿಗೆ ಲೆಕ್ಕವಿಲ್ಲ. ಕ್ಯಾಬಿನೆಟ್ಟಿನ ಬಟನ್ನಿನಿಂದ ಬರುವ ಎರಡು ಎಳೆಯ ತೆಳು ತಂತಿ ‘ಪವರ್ ಸ್ವಿಚ್’ ಪಿನ್ನಿನ ಮೇಲೇ ಕೂತಿದೆಯೆ, ಪಕ್ಕದ ರೀಸೆಟ್ ಅಥವಾ ಎಲ್‌ಇಡಿ ಪಿನ್ನಿನ ಮೇಲೊ? 24 ಪಿನ್ನಿನ ಕನೆಕ್ಟರ್ ‘ಟಕ್’ ಎಂದು ಕೊಂಡಿ ಹಾಕಿಕೊಳ್ಳುವವರೆಗೆ ಒಳಗೆ ಹೋಗಿದೆಯೆ?

ಒಂದು ಕ್ಷಣ ಫ್ಯಾನು ತಿರುಗಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಆಗುತ್ತಿದೆ ಎಂದು ಮೊದಲು ಅನುಮಾನಿಸಿ. ಬೋರ್ಡ್ ಬದಲಿಸಿದವರು ಇಲ್ಲಿ ಹೆಚ್ಚು ಸಿಕ್ಕಿಕೊಳ್ಳುತ್ತಾರೆ. ಬೋರ್ಡನ್ನು ತಗಡಿನಿಂದ ಎತ್ತರಿಸಿ ಹಿಡಿಯುವ ಹಿತ್ತಾಳೆಯ ಗಿಡ್ಡ ಕಂಬಗಳು ಹಳೆಯ ಬೋರ್ಡಿನ ಅಳತೆಗೆ ಹಾಕಿದವು; ಹೊಸ ಬೋರ್ಡ್ ಚಿಕ್ಕದಾಗಿದ್ದರೆ ಬೇಡದ ಜಾಗದಲ್ಲಿ ಉಳಿದ ಒಂದು ಕಂಬ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತದೆ. ಕೆಳಗೆ ಬಿದ್ದ ಒಂದು ಸ್ಕ್ರೂ ಬೋರ್ಡಿನಡಿ ಸೇರಿಕೊಂಡರೂ ಸಾಕು. ಬೋರ್ಡನ್ನು ಹೊರತೆಗೆದು ಅದರದೇ ರಟ್ಟಿನ ಡಬ್ಬದ ಮೇಲಿಟ್ಟು ಓಡಿಸಿದಾಗ ಎದ್ದರೆ, ತಪ್ಪು ಕ್ಯಾಬಿನೆಟ್ಟಿನದು ಎಂದಾಯಿತು.

12 ವೋಲ್ಟಿನ ಸಾಲು ಓದಿ

ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಎಸ್‌ಎಂಪಿಎಸ್‌ನ ಪಕ್ಕಕ್ಕೆ ಅಂಟಿಸಿರುವ ಚೀಟಿಯನ್ನು ಓದಲೇಬೇಕು. ದಪ್ಪಕ್ಷರದಲ್ಲಿ 450 ವ್ಯಾಟ್ ಎಂದು ಬರೆದಿರಬಹುದು. ಅದನ್ನು ಬಿಟ್ಟು, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಊಟ ಬರುವುದು ಮುಖ್ಯವಾಗಿ ಆ ಸಾಲಿನಿಂದ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಅಲ್ಲಿ 16 ಆಂಪಿಯರ್ ಎಂದಿದ್ದರೆ ಸಿಗುವುದು 192 ವ್ಯಾಟ್ ಮಾತ್ರ; ಡಬ್ಬದ ಮೇಲೆ 450 ಎಂದು ಬರೆದಿದ್ದರೂ ನಿಮ್ಮ ಉಪಯೋಗಕ್ಕೆ ಬರುವುದು ಅಷ್ಟೇ.

ಬೇಡಿಕೆಯ ಲೆಕ್ಕವೂ ಸರಳ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ನಿನ ಕನೆಕ್ಟರ್ ಇನ್ನೂ 75, 8 ಪಿನ್ನಿನದು 150 ಸೇರಿಸುತ್ತದೆ. ಕಾರ್ಡಿನ ನೆತ್ತಿಯ ಮೇಲೆ ಆ ಕನೆಕ್ಟರ್ ಇದ್ದೂ ಖಾಲಿ ಬಿಟ್ಟರೆ ಫ್ಯಾನು ತಿರುಗಬಹುದು, ಚಿತ್ರ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಕಚೇರಿಗಳಿಂದ ಹೊರಬಿದ್ದು ರಿಫರ್ಬಿಶ್ಡ್ ಎಂದು ಮಾರಾಟವಾಗುವ ಡೆಸ್ಕ್‌ಟಾಪ್‌ಗಳಲ್ಲಿ ಹಲವಕ್ಕೆ 200 ವ್ಯಾಟಿನ ಆಸುಪಾಸಿನ ಎಸ್‌ಎಂಪಿಎಸ್ ಇರುತ್ತದೆ, ಈ ಕನೆಕ್ಟರುಗಳೇ ಇರುವುದಿಲ್ಲ. ಬೋರ್ಡಿಗೆ ಹೋಗುವ ಪ್ಲಗ್ಗೂ ಆ ಕಂಪನಿಯದೇ ಬೇರೆ ಅಳತೆಯದಾಗಿದ್ದರೆ ಮಾರುಕಟ್ಟೆಯ ಎಸ್‌ಎಂಪಿಎಸ್ ತಂದರೂ ನೇರವಾಗಿ ಕೂರುವುದಿಲ್ಲ. ಅಂಥವಕ್ಕೆ ಬೇರೆ ಕನೆಕ್ಟರ್ ಬೇಡದ, ಸ್ಲಾಟಿನ 75 ವ್ಯಾಟಿನಲ್ಲೇ ನಡೆಯುವ ಕಾರ್ಡ್ ನೋಡುವುದೇ ಜಾಣತನ.

ನೋಡಲು ಒಂದೇ ಥರ ಇರುವ ಎರಡು 8 ಪಿನ್ನಿನ ಪ್ಲಗ್‌ಗಳ ಬಗ್ಗೆಯೂ ಎಚ್ಚರ ಬೇಕು. 4+4 ಎಂದು ಒಡೆಯುವುದು ಪ್ರೊಸೆಸರಿನದು, ಬೋರ್ಡಿನ ಮೇಲಿನ ಮೂಲೆಗೆ ಹೋಗುತ್ತದೆ. 6+2 ಎಂದು ಒಡೆಯುವುದು ಗ್ರಾಫಿಕ್ಸ್ ಕಾರ್ಡಿನದು. ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿ ತುರುಕಬಾರದು. ಪ್ರೊಸೆಸರಿನ ಪ್ಲಗ್ ಹಾಕದೆ 24 ಪಿನ್ನಿನದನ್ನಷ್ಟೇ ಹಾಕಿದಾಗ ಫ್ಯಾನು, ದೀಪ ಎಲ್ಲ ಜೀವಂತ ಕಾಣುತ್ತವೆ, ಪ್ರೊಸೆಸರ್ ಮಾತ್ರ ಉಪವಾಸ. ತಂತಿ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಬದಲಿಸಿದವರು ಹಳೆಯದರ ತಂತಿಗಳನ್ನು ಹೊಸದಕ್ಕೆ ಚುಚ್ಚಲೇಬಾರದು. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ನಿಯಮವಿಲ್ಲ. ಪ್ಲಗ್ ಸಲೀಸಾಗಿ ಕೂತು, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್ ಸುಡುವುದುಂಟು. ಅಪ್‌ಗ್ರೇಡಿನಲ್ಲಿ ಒಂದು ಭಾಗ ನಿಜಕ್ಕೂ ಸಾಯುವ ಸಂದರ್ಭಗಳಲ್ಲಿ ಇದು ಮುಖ್ಯವಾದದ್ದು.

ನಮ್ಮ ಮನೆಗಳಲ್ಲಿ ಇನ್ನೊಂದು ಕೊಂಡಿಯಿದೆ, ಯುಪಿಎಸ್. 600 ವಿಎ ಎಂದು ಮಾರುವ ಸಣ್ಣ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಹೊಸ ಕಾರ್ಡ್ ಬಂದ ಮೇಲೆ ಅದು ಕಿರುಚಿ ಕೈಬಿಟ್ಟರೆ ಕಂಪ್ಯೂಟರಿನಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ. ಪರೀಕ್ಷೆಯ ಹೊತ್ತಿಗೆ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಎಸ್‌ಎಂಪಿಎಸ್‌ನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. 230 ವೋಲ್ಟಿನ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರಬಹುದು.

ಸಾಕೆಟ್ ಒಂದೇ ಆದರೆ ಸಾಲದು

ಈಗ ಬಹಳ ಜನ ಮಾಡುತ್ತಿರುವ ಒಂದು ಅಪ್‌ಗ್ರೇಡನ್ನೇ ತೆಗೆದುಕೊಳ್ಳೋಣ. 2017ರಲ್ಲಿ ಕೊಂಡ ಬಿ350 ಬೋರ್ಡ್, ಅದರಲ್ಲಿ ರೈಜನ್ 5 1600. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದೇ ಎಎಂ4 ಸಾಕೆಟ್ಟಿನಲ್ಲಿ ರೈಜನ್ 5 5600 ಕೂರುತ್ತದೆ, ವೇಗವೂ ಹೆಚ್ಚು. ಅಂಗಡಿಗೆ ಹೋಗಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದು ಕೂರಿಸುತ್ತಾರೆ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು.

ಸತ್ತಿದ್ದು ಯಾವುದೂ ಅಲ್ಲ. ಬೋರ್ಡಿನೊಳಗಿನ ಬಯಾಸ್ 2017ರದು. 2022ರ ಪ್ರೊಸೆಸರಿನ ಪರಿಚಯ ಅದಕ್ಕಿಲ್ಲ. ಈ ತಲೆಮಾರಿನ ಪ್ರೊಸೆಸರುಗಳಿಗೆ 300 ಸರಣಿಯ ಚಿಪ್‌ಸೆಟ್‌ಗಳಲ್ಲಿ ಅವಕಾಶ ಕೊಡುವುದಾಗಿ ಎಎಂಡಿ ಹೇಳಿದ್ದೇ 2022ರಲ್ಲಿ. ಬಯಾಸ್ ಅಪ್‌ಡೇಟ್ ಮಾಡಬೇಕೆಂದರೆ ಯಂತ್ರ ಏಳಬೇಕು, ಯಂತ್ರ ಏಳಬೇಕೆಂದರೆ ಹಳೆಯ ಪ್ರೊಸೆಸರ್ ಬೇಕು, ಹಳೆಯದು ಅಂಗಡಿಯಲ್ಲಿದೆ.

ಈ ಬಿಕ್ಕಟ್ಟು ಹೊಸದೇನಲ್ಲ. 2018ರ ಫೆಬ್ರುವರಿಯಲ್ಲಿ ರೈಜನ್ 2200ಜಿ ಮತ್ತು 2400ಜಿ ಬಂದಾಗ ಅಂಗಡಿಗಳಲ್ಲಿದ್ದ ಹಳೆಯ ದಾಸ್ತಾನಿನ ಬೋರ್ಡುಗಳು ಅವನ್ನು ಗುರುತಿಸಲಿಲ್ಲ. ಕೊನೆಗೆ ಎಎಂಡಿಯೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಲಿಕ್ಕೆಂದು ಎ6-9500 ಎಂಬ ಅಗ್ಗದ ಪ್ರೊಸೆಸರನ್ನು ಗ್ರಾಹಕರಿಗೆ ಎರವಲು ಕಳಿಸಿತು. ಕೆಲಸ ಮುಗಿಸಿ ವಾಪಸು ಕಳಿಸಬೇಕು. ಪ್ರೊಸೆಸರ್ ತಯಾರಿಸುವ ಕಂಪನಿಯೇ ಒಪ್ಪಿಕೊಂಡ ಪರಿಹಾರ ಇದು: ಬೋರ್ಡಿಗೆ ಪರಿಚಯವಿರುವ ಹಳೆಯ ಪ್ರೊಸೆಸರ್ ಬೇಕೇ ಬೇಕು.

ಹಾಗಾಗಿ ಕ್ರಮ ಹೀಗಿರಬೇಕು. ಕೊಳ್ಳುವ ಮೊದಲೇ ಬೋರ್ಡ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ ‘ಸಿಪಿಯು ಸಪೋರ್ಟ್’ ಪಟ್ಟಿ ತೆರೆಯಿರಿ. ಹೊಸ ಪ್ರೊಸೆಸರಿನ ಹೆಸರಿನ ಮುಂದೆ ಯಾವ ಬಯಾಸ್ ಆವೃತ್ತಿ ಬೇಕೆಂದು ಬರೆದಿರುತ್ತದೆ. ಹಳೆಯ ಪ್ರೊಸೆಸರ್ ಇರುವಾಗಲೇ ಆ ಆವೃತ್ತಿಗೆ ಏರಿ, ಆಮೇಲೆ ಬದಲಿಸಿ. ಬಯಾಸ್ ಬರೆಯುವಾಗ ಕರೆಂಟು ಹೋದರೆ ಬೋರ್ಡೇ ಮೂಗನಾಗಬಹುದು, ಆದ್ದರಿಂದ ಯುಪಿಎಸ್ ಇರಲಿ. ಬೋರ್ಡಿನ ಹಿಂಬದಿಯಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಬಟನ್ ಇದ್ದರೆ ಅದೃಷ್ಟ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕಬಹುದು. ಟಿಪ್ಪಣಿಯನ್ನೂ ಓದಿ: ಬಯಾಸ್ ಚಿಪ್ಪಿನ ಜಾಗ ಕೆಲವು ಬೋರ್ಡುಗಳಲ್ಲಿ 16 ಎಂಬಿ ಮಾತ್ರ. ಹೊಸ ಪ್ರೊಸೆಸರುಗಳಿಗೆ ಜಾಗ ಮಾಡಿಕೊಡಲು ತೀರಾ ಹಳೆಯವನ್ನು ಪಟ್ಟಿಯಿಂದ ಕೈಬಿಟ್ಟ ಆವೃತ್ತಿಗಳಿವೆ.

ಇಂಟೆಲ್‌ನಲ್ಲಿ ಮೋಸಹೋಗುವ ರೀತಿ ಬೇರೆ. 6 ಮತ್ತು 7ನೇ ತಲೆಮಾರಿನ ಸಾಕೆಟ್ಟಿಗೂ 8 ಮತ್ತು 9ನೇ ತಲೆಮಾರಿನ ಸಾಕೆಟ್ಟಿಗೂ ಪಿನ್ನುಗಳು 1151. ಪ್ರೊಸೆಸರ್ ನೀಟಾಗಿ ಕೂರುತ್ತದೆ. ಆದರೆ 2017ರ ಅಕ್ಟೋಬರಿನಲ್ಲಿ ಬಂದ 8ನೇ ತಲೆಮಾರಿಗೆ 300 ಸರಣಿಯ ಬೋರ್ಡೇ ಬೇಕು. 100 ಅಥವಾ 200 ಸರಣಿಯ ಬೋರ್ಡಿನಲ್ಲಿ ಅಧಿಕೃತವಾಗಿ ನಡೆಯದು, ಕಂಪನಿಯ ಯಾವ ಬಯಾಸ್ ಹಾಕಿದರೂ ಅಷ್ಟೇ. ವಿಂಡೋಸ್ 11ಕ್ಕೆಂದು 6ನೇ ತಲೆಮಾರಿನ ಪಿಸಿಗೆ 8ನೆಯದನ್ನು ತಂದವರು ಬೋರ್ಡನ್ನೂ ಬದಲಿಸಲೇಬೇಕು.

ಕೈಯ ಕೆಲಸದಲ್ಲೂ ನಾಜೂಕು ಬೇಕು. ಎಎಂ4 ಪ್ರೊಸೆಸರಿನ ಹೊಟ್ಟೆಯಡಿ 1331 ಪಿನ್ನುಗಳಿವೆ. ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎಳೆದಾಗ ಪ್ರೊಸೆಸರೂ ಜೊತೆಗೇ ಕಿತ್ತುಬರುತ್ತದೆ, ಪಿನ್ನು ಬಾಗುತ್ತದೆ. ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೇಲಕ್ಕೆ ಎಳೆಯದೆ ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಬೇಕು. ಇಂಟೆಲ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಅಲ್ಲಿ ಒಂದು ಬಾಗಿದರೆ ಪೂರ್ತಿ ಯಂತ್ರ ಏಳದಿರಬಹುದು, ಅಥವಾ ರ‍್ಯಾಮಿನ ಒಂದು ಬದಿ ಮಾತ್ರ ಕಾಣದಿರಬಹುದು. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಕೊಂಡಾಗಲೇ ಸಾಕೆಟ್ಟಿನ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ರ‍್ಯಾಮ್: ರಬ್ಬರಿಗೂ ಮುಂಚೆ

‘ರ‍್ಯಾಮ್ ತೆಗೆದು ರಬ್ಬರ್ ಉಜ್ಜಿ ಹಾಕಿ’ ಎನ್ನುವುದು ನಮ್ಮ ಮೆಕ್ಯಾನಿಕ್‌ಗಳ ಮೊದಲ ಮದ್ದು. ಕಾರವಾರ, ಮಂಗಳೂರಿನಂಥ ಕರಾವಳಿಯ ತೇವದಲ್ಲಿ ಹಳೆಯ ರ‍್ಯಾಮಿನ ಅಂಚಿಗೆ ಕಟ್ಟುವ ಪೊರೆ ರಬ್ಬರಿಗೆ ಹೋಗುತ್ತದೆ, ನಿಜ. ಆದರೆ ಆ ಅಂಚಿನ ಚಿನ್ನದ ಲೇಪ ತೀರಾ ತೆಳು. ಉಜ್ಜಿದಷ್ಟೂ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿನಲ್ಲಿ ಉಳಿಯುತ್ತದೆ. ಬಹಳ ಸಲ ವಾಸಿ ಮಾಡಿದ್ದು ರಬ್ಬರಲ್ಲ, ತೆಗೆದು ಮತ್ತೆ ಗಟ್ಟಿಯಾಗಿ ಹಾಕಿದ್ದು. ಸ್ವಚ್ಛ ಮಾಡಲೇಬೇಕಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆ ಸಾಕು.

ರ‍್ಯಾಮ್ ಏರಿಸಿದ ಮೇಲೆ ಏಳದಿದ್ದರೆ ಹೊಸದು ಹಳೆಯದು ಎಲ್ಲ ತೆಗೆದು ಒಂದೇ ಒಂದು ಕಡ್ಡಿಯನ್ನು ಹಾಕಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ಬೋರ್ಡಿನ ಮೇಲೆ ಎ2 ಎಂದು ಬರೆದಿರುವ ಸ್ಲಾಟ್. ಎರಡು ಕಡ್ಡಿಯಾದರೆ ಎರಡನೆಯದು ಮತ್ತು ನಾಲ್ಕನೆಯದು. ಇದು ಸಂಪ್ರದಾಯದ ಮಾತಲ್ಲ: ಈಗಿನ ಬಹುತೇಕ ಬೋರ್ಡುಗಳಲ್ಲಿ ತಂತಿಯ ದಾರಿ ಒಂದು ಸ್ಲಾಟನ್ನು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಕೊನೆಯ ಸ್ಲಾಟನ್ನು ಖಾಲಿ ಬಿಟ್ಟರೆ ಅತಿವೇಗದ ಸಂಕೇತ ಆ ಖಾಲಿ ತುದಿಗೆ ಬಡಿದು ಹಿಂದಿರುಗಿ ಗದ್ದಲ ಎಬ್ಬಿಸುತ್ತದೆ.

ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ನು, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕೂರುತ್ತಿಲ್ಲವೆಂದು ಹೆಬ್ಬೆರಳಿನ ಬಲ ತೋರಿಸಬೇಡಿ. ಡಬ್ಬದ ಮೇಲೆ 3600 ಎಂದಿದ್ದರೂ ಡಿಡಿಆರ್4ರ ಪ್ರಮಾಣಿತ ವೇಗ 3200ಕ್ಕೆ ಮುಗಿಯುತ್ತದೆ. ಅದರ ಮೇಲಿನದು ಎಕ್ಸ್‌ಎಂಪಿ ಎಂಬ ಸೆಟ್ಟಿಂಗಿನ ಬಲದಿಂದ. ಹಳೆಯ ಕಡ್ಡಿಗೆ ಇಟ್ಟಿದ್ದ ಆ ಸೆಟ್ಟಿಂಗ್ ಹೊಸ ಜೋಡಿಗೆ ಒಗ್ಗದೆ ಯಂತ್ರ ತಡವರಿಸಬಹುದು. ಆಗ ಸಿಮಾಸ್ ಅಳಿಸಬೇಕು: ಪ್ಲಗ್ ಕಿತ್ತು, ಗುಂಡು ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಬಯಾಸ್ ಮೂಲ ಸ್ಥಿತಿಗೆ ಮರಳುತ್ತದೆ.

ತಾಳ್ಮೆಯೂ ಒಂದು ಮದ್ದು. ಡಿಡಿಆರ್5 ಇರುವ ಎಎಂ5 ಬೋರ್ಡುಗಳು ಮೊದಲ ಸಲ ಏಳುವಾಗ ರ‍್ಯಾಮಿನ ಲಯ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಪರದೆ ಕಪ್ಪು. ಗಾಬರಿಯಾಗಿ ಬಟನ್ ಅದುಮಿ ಆಫ್ ಮಾಡಿದರೆ ಅದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಚಿತ್ರ ಬರುವ ದಾರಿ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಮಾನಿಟರಿನ ಕೇಬಲನ್ನು ಮಾತ್ರ ಮೊದಲಿನಂತೆ ಮದರ್‌ಬೋರ್ಡಿನ ಎಚ್‌ಡಿಎಂಐಗೇ ಬಿಟ್ಟವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಕೇಬಲ್ ಕಾರ್ಡಿಗೆ ಹೋಗಬೇಕು. ಇದರ ತಿರುಗುಮುರುಗೂ ಉಂಟು: ಒಳಗೇ ಗ್ರಾಫಿಕ್ಸ್ ಇದ್ದ 2200ಜಿಯನ್ನು ತೆಗೆದು 5600 ಹಾಕಿದರೆ, ಅಥವಾ ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್ ತಂದರೆ, ಬೋರ್ಡಿನ ಎಚ್‌ಡಿಎಂಐ ಬರೀ ತೂತು. ಬೇರೆ ಕಾರ್ಡ್ ಇಲ್ಲದೆ ಚಿತ್ರವೇ ಬಾರದು. ಎಕ್ಸ್‌ಚೇಂಜಿನಲ್ಲಿ ಸಿಕ್ಕ ತೀರಾ ಹಳೆಯ ಕಾರ್ಡಿನೊಳಗಿನ ಫರ್ಮ್‌ವೇರ್ ಯುಇಎಫ್‌ಐ ಭಾಷೆ ಕಲಿತಿರದಿದ್ದರೆ, ಹಳೆಯ ಬಯಾಸಿನಂತೆ ನಡೆಯುವ ಸಿಎಸ್‌ಎಂ ವ್ಯವಸ್ಥೆ ಇರದ ಹೊಸ ಬೋರ್ಡಿನಲ್ಲಿ ಅದು ಕೂಡ ಮೌನ.

ಡಿಸ್‌ಪ್ಲೇ ಬಂತು, ವಿಂಡೋಸ್ ಬರಲಿಲ್ಲ

ಕಂಪನಿಯ ಲೋಗೊ ಕಾಣಿಸಿತು ಎಂದರೆ ಹಾಜರಿ ಬಹುಪಾಲು ಮುಗಿದಿದೆ; ಕರೆಂಟು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮೇಲಿನ ಅನುಮಾನ ಕಡಿಮೆ ಮಾಡಿಕೊಳ್ಳಿ. ಉಳಿದದ್ದು ಡಿಸ್ಕ್ ಮತ್ತು ಸೆಟ್ಟಿಂಗ್. ‘ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕ್ಬಿಡೋಣ’ ಎಂಬ ಸಲಹೆ ಬರುವುದು ಇಲ್ಲೇ, ಒಪ್ಪಿಕೊಳ್ಳಬಾರದ್ದೂ ಇಲ್ಲೇ.

ಎಂ.2 ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತೆ? ಬಹಳಷ್ಟು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ಮತ್ತು ಒಂದೆರಡು ಸಾಟಾ ಪೋರ್ಟ್ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಸ್ಲಾಟ್ ತುಂಬಿದರೆ ಆ ಪೋರ್ಟ್ ಮುಚ್ಚುತ್ತದೆ. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೆ ಡಿಸ್ಕ್ ಮರಳುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ವಿಂಡೋಸ್ ಕಾಣದಾದರೆ, ಅಪ್‌ಡೇಟ್ ಹಳೆಯ ಸೆಟ್ಟಿಂಗ್‌ಗಳನ್ನು ಅಳಿಸಿ ಸಿಎಸ್‌ಎಂ ಅನ್ನು ಆಫ್ ಮಾಡಿರಬಹುದು. 2 ಟಿಬಿಯ ಮಿತಿಯಿರುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಹಾಕಿದ ವಿಂಡೋಸ್‌ಗೆ ಅದು ಬೇಕು. ಸದ್ಯಕ್ಕೆ ಆನ್ ಮಾಡಿ ಒಳಗೆ ಹೋಗಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಪರಿವರ್ತಿಸಿಕೊಳ್ಳಬಹುದು. ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ, ಸಾಟಾ ಸೆಟ್ಟಿಂಗ್ ಎಎಚ್‌ಸಿಐನಿಂದ ರೇಡ್‌ಗೋ ರೇಡ್‌ನಿಂದ ಎಎಚ್‌ಸಿಐಗೋ ಬದಲಾಗಿದೆಯೆ ನೋಡಿ. ಮೊದಲಿನಂತೆ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಎಲ್ಲಕ್ಕಿಂತ ಕಷ್ಟಕ್ಕೆ ಸಿಕ್ಕಿಸುವುದು ಬಿಟ್‌ಲಾಕರ್. ಡಿಸ್ಕಿಗೆ ಹಾಕಿದ ಬೀಗದ ಗುಟ್ಟು ಟಿಪಿಎಂನಲ್ಲಿರುತ್ತದೆ, ಈಚಿನ ಬಹಳಷ್ಟು ಯಂತ್ರಗಳಲ್ಲಿ ಆ ಟಿಪಿಎಂ ಪ್ರೊಸೆಸರಿನ ಜೊತೆಗೇ ಇರುತ್ತದೆ. ಪ್ರೊಸೆಸರ್ ಅಥವಾ ಬೋರ್ಡ್ ಬದಲಾದ ಕೂಡಲೇ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಈ ಬೀಗ ನಮಗೆ ಹೇಳದೆಯೇ ಬಿದ್ದಿರಬಹುದು. ಆ ಖಾತೆಯ ಪುಟದಲ್ಲಿ ಕೀ ಸಿಗುತ್ತದೆ. ಖಾತೆಯ ಪಾಸ್‌ವರ್ಡ್ ಮರೆತವರಿಗೆ ಡಿಸ್ಕಿನಲ್ಲಿರುವ ಮದುವೆಯ ಫೋಟೊಗಳೂ ಇಲ್ಲ, ಲೆಕ್ಕಪತ್ರವೂ ಇಲ್ಲ.

ಕಳೆಯುತ್ತ ಹೋಗಿ

ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ತಿಳಿಯದಿದ್ದರೆ ಇರುವ ದಾರಿ ಒಂದೇ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಕಲಬುರಗಿ, ಬಳ್ಳಾರಿಯ ಒಣ ಹವೆಯಲ್ಲಿ ಇದು ಬರೀ ಶಾಸ್ತ್ರವಲ್ಲ. ಆಮೇಲೆ ಬೇಡದ್ದೆಲ್ಲ ತೆಗೆಯಿರಿ: ಡಿಸ್ಕುಗಳು, ಯುಎಸ್‌ಬಿ ಸಾಮಾನು, ಹೆಚ್ಚಿನ ರ‍್ಯಾಮ್, ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರಾದರೆ ಕಾರ್ಡ್ ಕೂಡ. ಉಳಿಯಬೇಕಾದದ್ದು ಬೋರ್ಡ್, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್. ಇಷ್ಟರಲ್ಲಿ ಬಯಾಸ್ ಪರದೆ ಬಂದರೆ ಒಂದೊಂದೇ ಭಾಗ ಸೇರಿಸುತ್ತ ಬನ್ನಿ, ಪ್ರತಿ ಸಲವೂ ಆನ್ ಮಾಡಿ ನೋಡಿ. ಬಾರದಿದ್ದರೆ ಹೊಸ ಭಾಗ ತೆಗೆದು ಹಳೆಯದನ್ನು ಹಾಕಿ. ಹಳೆಯದರಲ್ಲಿ ಎದ್ದರೆ ಪ್ರಶ್ನೆ ಹೊಸ ಭಾಗ ಮತ್ತು ಬಯಾಸ್‌ನ ನಡುವೆ; ಹಳೆಯದರಲ್ಲೂ ಏಳದಿದ್ದರೆ ಬಿಚ್ಚುವಾಗ ಇನ್ನೇನೋ ಸಡಿಲವಾಗಿದೆ ಅಥವಾ ಮುರಿದಿದೆ. ಎರಡು ಭಾಗವನ್ನು ಒಟ್ಟಿಗೇ ಬದಲಿಸಿದವರಿಗೆ ಈ ಉತ್ತರ ಸಿಗುವುದಿಲ್ಲ.

ಇಷ್ಟು ಮಾಡಿಯೂ ಏಳದಿದ್ದರೆ ಅಂಗಡಿಗೆ ಹೋಗುವುದರಲ್ಲಿ ಅವಮಾನವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯೇ ಇರಲಿ, ನಿಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ಪಕ್ಕದ ಮಳಿಗೆಯೇ ಇರಲಿ, ‘ಬೋರ್ಡ್ ಹೋಗಿದೆ’ ಎಂಬ ಮಾತಿಗೆ ತಲೆಯಾಡಿಸುವ ಮೊದಲು ಕೇಳಿ: ‘ಇದೇ ಪ್ರೊಸೆಸರ್ ಬೇರೆ ಬೋರ್ಡಿನಲ್ಲಿ ಎದ್ದದ್ದು ತೋರಿಸ್ತೀರಾ?’ ಅಂಗಡಿಯಲ್ಲಿರುವುದು, ಮನೆಯಲ್ಲಿ ಇಲ್ಲದಿರುವುದು ಅದೇ: ಅದಲು ಬದಲು ಮಾಡಿ ನೋಡಲು ಬಿಡಿಭಾಗಗಳ ರಾಶಿ.

ಅಪ್‌ಗ್ರೇಡಿಗೆ ಹೊರಟವರು ಮೂರು ಕೆಲಸ ಮುಂಚೆಯೇ ಮುಗಿಸಿ. ಬೋರ್ಡಿನ ಪಟ್ಟಿ ನೋಡಿ ಬಯಾಸ್ ಏರಿಸಿ. ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿ. ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆದಿಡಿ. ಎಕ್ಸ್‌ಚೇಂಜಿನಲ್ಲಿ ಸಾವಿರ ರೂಪಾಯಿ ಕಡಿಮೆಯಾಗುತ್ತದೆ ಎಂದರೂ, ಹೊಸದು ಒಂದು ವಾರ ತೊಂದರೆಯಿಲ್ಲದೆ ಓಡುವ ತನಕ ಹಳೆಯ ಭಾಗವನ್ನು ಕೈಬಿಡಬೇಡಿ.